ಬಾಣಲೆಯಿಂದ ಲಾರಿಯ ಟ್ಯಾಂಕಿಗೆ

ಕಾರ್ತಿಕ ಮಾಸದ ಕಡೆಯ ಸೋಮವಾರ ಬಂತೆಂದರೆ ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಸಿ ಕಡಲೆಕಾಯಿ, ಹುರಿದ ಕಡಲೆಕಾಯಿ, ಎರಡು ಬೀಜದ್ದು, ಮೂರು ಬೀಜದ್ದು ಎಂದು ರಸ್ತೆಯ ಎರಡೂ ಬದಿಗೆ ರಾಶಿ ರಾಶಿ. ಹೊಲಕ್ಕೆ ನುಗ್ಗಿ ಬೆಳೆ ಮೇಯುತ್ತಿದ್ದ ಬಸವನನ್ನು ಸಮಾಧಾನಪಡಿಸಲು ಸುಂಕೇನಹಳ್ಳಿ ಸುತ್ತಲಿನ ರೈತರು ಮೊದಲ ಫಸಲನ್ನು ದೊಡ್ಡ ಬಸವಣ್ಣನಿಗೆ ಒಪ್ಪಿಸತೊಡಗಿದರೆಂಬುದು ಪರಿಷೆಯ ಹಿಂದಿನ ಐತಿಹ್ಯ. ಇಂದು ಸುಂಕೇನಹಳ್ಳಿಯೂ ಇಲ್ಲ, ಹೊಲವೂ ಇಲ್ಲ. ಕಡಲೆಕಾಯಿ ದೂರದ ಊರುಗಳಿಂದ ಲಾರಿ, ಟೆಂಪೊಗಳಲ್ಲಿ ಬರುತ್ತದೆ.

ಆ ಲಾರಿಯ ಎಂಜಿನ್ನಿಗೂ ಅದು ಹೊತ್ತು ತರುವ ಕಡಲೆಕಾಯಿಗೂ ಒಂದು ಹಳೆಯ ನೆಂಟಸ್ತನವಿದೆ ಎಂದರೆ ಅಚ್ಚರಿಯಾದೀತು. 1900ರಲ್ಲಿ ಪ್ಯಾರಿಸ್ಸಿನ ವಿಶ್ವ ಪ್ರದರ್ಶನದಲ್ಲಿ ಒಂದು ಪುಟ್ಟ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಿಂದಲೇ ಓಡಿತ್ತು. ಅದು ಎಷ್ಟು ಸಲೀಸಾಗಿ ಓಡಿತೆಂದರೆ, ಒಳಗೆ ಉರಿಯುತ್ತಿರುವುದು ಏನೆಂದು ನೋಡಲು ಬಂದ ಬಹುಪಾಲು ಜನರಿಗೆ ಗೊತ್ತೇ ಆಗಲಿಲ್ಲವಂತೆ. ಹೀಗೆಂದು ಮುಂದೊಮ್ಮೆ ಹೇಳಿಕೊಂಡವರು ಆ ಎಂಜಿನ್ನಿಗೆ ತಮ್ಮ ಹೆಸರನ್ನೇ ಕೊಟ್ಟ ಜರ್ಮನಿಯ ರುಡಾಲ್ಫ್ ಡೀಸೆಲ್.

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳ ಹೋಟೆಲುಗಳಲ್ಲಿ, ಚಾಟ್ ಗಾಡಿಗಳಲ್ಲಿ, ಚಿಪ್ಸ್ ಅಂಗಡಿಗಳಲ್ಲಿ ದಿನವೂ ಬಾಣಲೆಗಟ್ಟಲೆ ಎಣ್ಣೆ ಕಾಯುತ್ತದೆ. ಕರಿದು ಕರಿದು ಕಪ್ಪಾದ ಆ ಎಣ್ಣೆ ಕೊನೆಗೆ ಎಲ್ಲಿಗೆ ಹೋಗಬೇಕು? ಚರಂಡಿಗೋ, ಇನ್ನೊಬ್ಬರ ಹೊಟ್ಟೆಗೋ, ಲಾರಿಯ ಟ್ಯಾಂಕಿಗೋ? ಈ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ ಎಣ್ಣೆ ಮತ್ತು ಎಂಜಿನ್ನಿನ ನೂರಿಪ್ಪತ್ತು ವರ್ಷಗಳ ಕಥೆಯನ್ನು ತಿರುವಿಹಾಕುವುದು ಒಳ್ಳೆಯದು. ಏಕೆಂದರೆ ಈ ಪ್ರಶ್ನೆ ಹಿಂದೆಯೂ ಹಲವು ಬಾರಿ ಎದ್ದಿದೆ; ಪ್ರತಿ ಬಾರಿಯೂ ಅರ್ಧಕ್ಕೇ ನಿಂತಿದೆ.

ಆಗಸ್ಟ್ 10ರ ಕಥೆ

ಪ್ರತಿ ವರ್ಷ ಆಗಸ್ಟ್ 10ರಂದು ವಿಶ್ವ ಜೈವಿಕ ಇಂಧನ ದಿನವನ್ನು ಆಚರಿಸುತ್ತಾರೆ. 1893ರ ಆ ದಿನ ರುಡಾಲ್ಫ್ ಡೀಸೆಲ್ ತಮ್ಮ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿದರು ಎಂದು ಭಾಷಣಗಳಲ್ಲಿ ಹೇಳುವುದುಂಟು. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ. 1893ರ ಆಗಸ್ಟ್ 10ರಂದು ಜರ್ಮನಿಯ ಆಗ್ಸ್‌ಬರ್ಗ್ ನಗರದ ಕಾರ್ಖಾನೆಯಲ್ಲಿ ಡೀಸೆಲ್ ತಮ್ಮ ಮೊದಲ ಮಾದರಿಯನ್ನು ಪರೀಕ್ಷೆಗೊಡ್ಡಿದ್ದು ನಿಜ. ಆದರೆ ಅಂದು ಬಳಸಿದ್ದು ಪೆಟ್ರೋಲಿಯಂ ಮೂಲದ ಇಂಧನವನ್ನೇ. ಎಂಜಿನ್ ಅಂದು ಓಡಲೂ ಇಲ್ಲ; ಸಿಲಿಂಡರಿನೊಳಗೆ ಇಂಧನ ಸಿಡಿದು ಒತ್ತಡ ಅಳೆಯುವ ಸಾಧನ ಒಡೆದುಹೋಯಿತು. ನೆಚ್ಚಿಕೊಳ್ಳಬಹುದಾದ ಎಂಜಿನ್ ಸಿದ್ಧವಾದದ್ದು 1897ರಲ್ಲಿ. ಕಡಲೆಕಾಯಿ ಎಣ್ಣೆಯ ಪ್ರಸಂಗ ನಡೆದದ್ದು ಅದಕ್ಕೂ ಮೂರು ವರ್ಷಗಳ ಅನಂತರ, ಪ್ಯಾರಿಸ್ಸಿನಲ್ಲಿ.

ಅಲ್ಲಿಯೂ ಆ ಯೋಚನೆ ಡೀಸೆಲ್ ಅವರದಾಗಿರಲಿಲ್ಲ. ಪ್ರದರ್ಶನದಲ್ಲಿ ಎಂಜಿನ್ ಇಟ್ಟದ್ದು ಓಟೊ ಕಂಪನಿ. ಕಡಲೆಕಾಯಿ ಎಣ್ಣೆ ಹಾಕಿ ನೋಡಿ ಎಂದು ಕೇಳಿದ್ದು ಫ್ರೆಂಚ್ ಸರ್ಕಾರ. ಆಫ್ರಿಕದ ತನ್ನ ವಸಾಹತುಗಳಲ್ಲಿ ಕಡಲೆಕಾಯಿ ಹೇರಳವಾಗಿ ಬೆಳೆಯುತ್ತಿತ್ತು. ಕಲ್ಲಿದ್ದಲನ್ನಾಗಲೀ ಪೆಟ್ರೋಲಿಯಂ ಎಣ್ಣೆಯನ್ನಾಗಲೀ ಹಡಗಿನಲ್ಲಿ ಸಾಗಿಸದೆ ಅಲ್ಲಿನ ಎಣ್ಣೆಯಿಂದಲೇ ಅಲ್ಲಿನ ಯಂತ್ರಗಳನ್ನು ಓಡಿಸಬಹುದೇ ಎಂಬುದು ಅದರ ಲೆಕ್ಕಾಚಾರ. ಡೀಸೆಲ್ ಅವರಿಗೆ ಇದರ ಮಹತ್ವ ನಿಧಾನವಾಗಿ ಮನವರಿಕೆಯಾಯಿತು. 1912ರ ಹೊತ್ತಿಗೆ ಅವರು, ಸಸ್ಯಜನ್ಯ ಎಣ್ಣೆಗಳು ಇಂದು ಕ್ಷುಲ್ಲಕವೆನಿಸಿದರೂ ಮುಂದೊಂದು ಕಾಲಕ್ಕೆ ಪೆಟ್ರೋಲಿಯಂನಷ್ಟೇ ಮುಖ್ಯವಾಗಬಹುದು ಎಂಬ ಅಭಿಪ್ರಾಯಕ್ಕೆ ಬಂದಿದ್ದರು. ಮರುವರ್ಷ, 1913ರ ಸೆಪ್ಟೆಂಬರಿನಲ್ಲಿ, ಇಂಗ್ಲೆಂಡಿಗೆ ಹೊರಟಿದ್ದ ಡ್ರೆಸ್ಡೆನ್ ಎಂಬ ಹಡಗಿನಿಂದ ರಾತ್ರೋರಾತ್ರಿ ಕಾಣೆಯಾಗಿ ಅವರು ಸಮುದ್ರದ ಪಾಲಾದರು.

ಎಣ್ಣೆ ಮತ್ತು ಸೀಮೆಎಣ್ಣೆ

ಎಣ್ಣೆಯಿಂದ ಬೆಳಕನ್ನೂ ಕೆಲಸವನ್ನೂ ಪಡೆಯುವುದು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಾಗಿರಲಿಲ್ಲ. ‘ಎಣ್ಣೆ’ ಎಂಬ ಪದವೇ ಎಳ್ಳಿನ ನೆಯ್, ಅಂದರೆ ಎಳ್ಳಿನ ಜಿಡ್ಡು ಎಂಬುದರಿಂದ ಬಂದದ್ದೆಂದು ಭಾಷಾತಜ್ಞರು ವಿವರಿಸುತ್ತಾರೆ. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಒಂದೊಂದು ಕಸುಬಿಗೂ ಒಂದೊಂದು ಬೀದಿಯಿದ್ದಾಗ ಎಣ್ಣೆ ತೆಗೆಯುವವರಿಗೆಂದೇ ಗಾಣಿಗರಪೇಟೆ ಇತ್ತು. ಎತ್ತು ಸುತ್ತುವ ಗಾಣದಲ್ಲಿ ಎಳ್ಳು, ಹುಚ್ಚೆಳ್ಳು, ಕಡಲೆಕಾಯಿ ಅರೆದು ಅಡುಗೆಗೆ. ಹೊಂಗೆ, ಹರಳು, ಇಪ್ಪೆ ಅರೆದು ದೀಪಕ್ಕೆ.

ಇವುಗಳಲ್ಲಿ ಹೊಂಗೆಯ ಸ್ಥಾನ ವಿಶೇಷವಾದುದು. ಬಯಲುಸೀಮೆಯ ಬದುಗಳಲ್ಲಿ, ಕೆರೆಯ ಅಂಚಿನಲ್ಲಿ ಯಾರೂ ನೀರೆರೆಯದೆ ಬೆಳೆಯುವ ಮರ ಅದು. ಬಿರುಬೇಸಿಗೆಯಲ್ಲೂ ತಣ್ಣನೆಯ ನೆರಳು. ಸೊಪ್ಪು ಗದ್ದೆಗೆ ಹಸಿರೆಲೆ ಗೊಬ್ಬರ, ಹಿಂಡಿ ತೋಟಕ್ಕೆ ಗೊಬ್ಬರ, ಎಣ್ಣೆ ದೀಪಕ್ಕೆ ಮತ್ತು ಚರ್ಮದ ಕಜ್ಜಿಗೆ. ಎಣ್ಣೆ ಕಹಿಯಾದುದರಿಂದ ತಿನ್ನುವವರ ಕಾಟವಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ತಗಡಿನ ಡಬ್ಬಗಳಲ್ಲಿ ಹೊಸದೊಂದು ಎಣ್ಣೆ ಹಳ್ಳಿಹಳ್ಳಿಗೂ ಬಂತು. ಜನ ಅದಕ್ಕಿಟ್ಟ ಹೆಸರಿನಲ್ಲೇ ಅದರ ಚರಿತ್ರೆ ಅಡಗಿದೆ: ಸೀಮೆಎಣ್ಣೆ. ಪರದೇಶದಿಂದ ಬಂದ ಸುಣ್ಣ ಸೀಮೆಸುಣ್ಣವಾದಂತೆ, ಪರದೇಶದ ಹಸು ಸೀಮೆಹಸುವಾದಂತೆ, ಪರದೇಶದ ಎಣ್ಣೆ ಸೀಮೆಎಣ್ಣೆಯಾಯಿತು. ಅರೆಯುವ ಶ್ರಮವಿಲ್ಲ, ಹೆಚ್ಚು ಬೆಳಕು. ಹೊಂಗೆಯ ಹಣತೆ ಹಿಂದೆ ಸರಿಯಿತು. ಬಳಿಕ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಬೆಳಗಿತು. ಎಣ್ಣೆಬೀಜದಿಂದ ಬೆಳಕು ಪಡೆಯುವ ಕಾಲ ನಗರದ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಯುದ್ಧ ಬಂದಾಗ ನೆನಪು

ಪರದೇಶದ ಎಣ್ಣೆಗೆ ಒಗ್ಗಿಕೊಂಡವರಿಗೆ ಅದು ಬಾರದೆ ಹೋದರೆ ಏನಾಗುತ್ತದೆಂಬುದನ್ನು ಎರಡನೆಯ ಮಹಾಯುದ್ಧ ತೋರಿಸಿಕೊಟ್ಟಿತು. ಪೆಟ್ರೋಲಿಗೆ ರೇಷನ್ ಬಂತು. ಮೈಸೂರು ಸಂಸ್ಥಾನದಲ್ಲಿಯೂ ಕರಾವಳಿಯಲ್ಲಿಯೂ ಬಸ್ಸುಗಳ ಬೆನ್ನಿಗೆ ದೊಡ್ಡ ಒಲೆಗಳು ಬಂದವು. ಇದ್ದಿಲನ್ನು ಅರೆಬರೆ ಉರಿಸಿ, ಹೊರಡುವ ಅನಿಲದಿಂದ ಎಂಜಿನ್ ಓಡಿಸುವ ‘ಇದ್ದಿಲು ಗ್ಯಾಸ್ ಬಸ್ಸು’ಗಳು ಅವು. ಕ್ಲೀನರ್ ಕೈಯಲ್ಲಿ ತಿದಿ ತಿರುಗಿಸಿ ಬೆಂಕಿ ಎಬ್ಬಿಸುವುದು, ಏರು ಬಂದಾಗ ಪ್ರಯಾಣಿಕರೆಲ್ಲ ಇಳಿದು ತಳ್ಳುವುದು ಆ ತಲೆಮಾರಿನವರ ಮರೆಯಲಾಗದ ನೆನಪುಗಳು.

ಇದೇ ಕಾಲದಲ್ಲಿ ಎಣ್ಣೆಬೀಜದ ನೆನಪೂ ಮರಳಿತು. 1937ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್ ವಿಶ್ವವಿದ್ಯಾಲಯದ ಜಿ. ಶವಾನ್ ಎಂಬ ವಿಜ್ಞಾನಿ ತಾಳೆ ಎಣ್ಣೆಯನ್ನು ಮದ್ಯಸಾರದೊಂದಿಗೆ ವರ್ತಿಸುವಂತೆ ಮಾಡಿ ತೆಳುವಾದ ಇಂಧನ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. 1938ರಲ್ಲಿ ಆ ಇಂಧನದಿಂದ ಬ್ರಸೆಲ್ಸ್ ಮತ್ತು ಲೂವೆನ್ ನಡುವೆ ಬಸ್ಸೊಂದು ಓಡಿತು. ಈಗ ‘ಬಯೊಡೀಸೆಲ್’ ಎಂದು ಕರೆಯುವ ಇಂಧನದ ಜನ್ಮವೃತ್ತಾಂತ ಇದು. ಭಾರತದಲ್ಲಿಯೂ ಸಂಶೋಧಕರು ಇಲ್ಲಿನ ಎಣ್ಣೆಗಳನ್ನು ಡೀಸೆಲ್ ಎಂಜಿನ್ನಿನಲ್ಲಿ ಪರೀಕ್ಷಿಸಿ 1942ರಲ್ಲಿ ವರದಿ ಪ್ರಕಟಿಸಿದರು.

ಯುದ್ಧ ಮುಗಿಯಿತು. ಪೆಟ್ರೋಲಿಯಂ ಮತ್ತೆ ಅಗ್ಗವಾಯಿತು. ವರದಿಗಳು ಕಪಾಟು ಸೇರಿದವು. 1954ರಲ್ಲಿ ಟಾಟಾ-ಮರ್ಸಿಡಿಸ್ ಲಾರಿಗಳು ಭಾರತದಲ್ಲಿ ತಯಾರಾಗತೊಡಗಿ ಡೀಸೆಲ್ ಎಂಜಿನ್ ದೇಶದ ಹೆದ್ದಾರಿಗಳನ್ನೆಲ್ಲ ಆವರಿಸಿತು. ಎಂಜಿನ್ನನ್ನು ಆ ವೇಳೆಗೆ ಪೆಟ್ರೋಲಿಯಂ ಡೀಸೆಲ್ಲಿಗೆ ಹೊಂದುವಂತೆಯೇ ತಿದ್ದಿ ತೀಡಿದ್ದರು. ಕಡಲೆಕಾಯಿ ಎಣ್ಣೆಯನ್ನು ಉಂಡ ಎಂಜಿನ್ನಿನ ಮಕ್ಕಳು ಮೊಮ್ಮಕ್ಕಳಿಗೆ ಆ ಊಟ ಒಗ್ಗದಂತಾಯಿತು.

ತುಮಕೂರಿನ ಹಳ್ಳಿಗಳು, ಹೊಂಗೆಯ ಮರಗಳು

ಮತ್ತೊಂದು ಪೆಟ್ಟು ಬಿದ್ದದ್ದು 1973ರಲ್ಲಿ. ಅರಬ್ ರಾಷ್ಟ್ರಗಳು ತೈಲ ಪೂರೈಕೆಗೆ ತಡೆ ಹಾಕಿದ ಬಳಿಕ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಯಿತು. ಮರುವರ್ಷವೇ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತನದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಆರಂಭವಾಯಿತು. ಹಳ್ಳಿಗೆ ಹೊಂದುವ ತಂತ್ರಜ್ಞಾನವನ್ನು ಹಳ್ಳಿಯಲ್ಲೇ ಕುಳಿತು ರೂಪಿಸಬೇಕೆಂಬುದು ಅದರ ಹಟ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕು ಅದರ ಪ್ರಯೋಗಶಾಲೆಯಾಯಿತು. ಪುರ ಎಂಬ ಹಳ್ಳಿಯಲ್ಲಿ 1987ರಿಂದ ಸಗಣಿ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಊಡಿಸಿ ಮನೆಗಳಿಗೆ ದೀಪ, ನಲ್ಲಿಗೆ ನೀರು ಕೊಡಲಾಯಿತು. ಸಮೀಪದ ಹೊಸಹಳ್ಳಿಯಲ್ಲಿ 1988ರಿಂದ ಸೌದೆಯ ಅನಿಲದಿಂದ ಅದೇ ಕೆಲಸ ನಡೆಯಿತು. ಎರಡರಲ್ಲೂ ಹೊತ್ತಿಕೊಳ್ಳಲು ಒಂದಿಷ್ಟು ಡೀಸೆಲ್ ಬೇಕೇ ಬೇಕಿತ್ತು. ಆ ಒಂದಿಷ್ಟನ್ನೂ ಹಳ್ಳಿಯಲ್ಲೇ ಬೆಳೆಯಬಾರದೇಕೆ?

ಈ ದಿಕ್ಕಿನಲ್ಲಿ ಹೊರಟವರು ಅದೇ ಸಂಸ್ಥೆಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ. ಹೊಸ ಬೀಜ, ಹೊಸ ಬೆಳೆ ಹುಡುಕದೆ ಅವರು ಊರ ಬದಿಯ ಹೊಂಗೆಯತ್ತ ನೋಡಿದರು. ಗ್ರಾಮಾಂತರ ಪ್ರದೇಶಗಳ ಸುಸ್ಥಿರ ಪರಿವರ್ತನೆಗೆಂದು ಹಮ್ಮಿಕೊಂಡ ‘ಸೂತ್ರ’ ಎಂಬ ಕಾರ್ಯಕ್ರಮದಡಿ ಕಗ್ಗನಹಳ್ಳಿ ಎಂಬ ಒಣ ಹಳ್ಳಿಯಲ್ಲಿ ಹೊಂಗೆ ಎಣ್ಣೆಯನ್ನು ಜನರೇಟರಿಗೆ ಹಾಕಿ, ಅದರ ವಿದ್ಯುತ್ತಿನಿಂದ ಬೋರ್‌ವೆಲ್ ನೀರೆತ್ತಿ ಹೊಲಗಳಿಗೆ ಹರಿಸಿದರು. 2001ರ ಸುಮಾರಿಗೆ ದಾಂಡೇಲಿಯ ಕಾರ್ಖಾನೆಯೊಂದರ ದೊಡ್ಡ ಜನರೇಟರುಗಳೂ ಹೊಂಗೆ ಎಣ್ಣೆಯಿಂದ ಓಡಿದವು. ಯಾವ ರಾಸಾಯನಿಕ ಸಂಸ್ಕಾರವೂ ಇಲ್ಲದೆ, ಗಾಣದಿಂದ ಇಳಿದ ಎಣ್ಣೆಯನ್ನು ಸೋಸಿ ನೇರವಾಗಿ ಬಳಸಿದ್ದು ಈ ಪ್ರಯೋಗಗಳ ಸ್ವಾರಸ್ಯ.

ಹಾಗಾದರೆ ಇಂದು ನಾಡಿನ ಪಂಪುಸೆಟ್ಟುಗಳೆಲ್ಲ ಹೊಂಗೆಯಿಂದ ಏಕೆ ಓಡುತ್ತಿಲ್ಲ? ಮೊದಲನೆಯದು ಶ್ರಮದ ಲೆಕ್ಕ. ಒಂದು ಲೀಟರ್ ಎಣ್ಣೆಗೆ ಸುಮಾರು ನಾಲ್ಕು ಕಿಲೊ ಬೀಜ ಬೇಕು. ಬೀಜ ಆಯುವುದು, ಒಣಗಿಸುವುದು, ಸಿಪ್ಪೆ ಬಿಡಿಸುವುದು ಎಲ್ಲವೂ ಕೈಕೆಲಸ, ಅದೂ ಹೆಚ್ಚಾಗಿ ಹೆಂಗಸರ ಕೆಲಸ. ಕೂಲಿ ದರ ಏರಿದಂತೆ ಎಣ್ಣೆಯ ಬೆಲೆಯೂ ಏರುತ್ತದೆ. ಎರಡನೆಯದು, 2014ರ ಅಕ್ಟೋಬರಿನವರೆಗೆ ಡೀಸೆಲ್ ದರವನ್ನು ಸರ್ಕಾರ ಹಿಡಿದಿಟ್ಟಿತ್ತು; 2008ರಿಂದ ಕರ್ನಾಟಕದಲ್ಲಿ 10 ಅಶ್ವಶಕ್ತಿವರೆಗಿನ ಪಂಪುಸೆಟ್ಟುಗಳಿಗೆ ವಿದ್ಯುತ್ತು ಉಚಿತವಾಯಿತು. ಉಚಿತವಾಗಿ ಬರುವ ಕರೆಂಟನ್ನು ಬಿಟ್ಟು ಬೀಜ ಆಯ್ದು ಎಣ್ಣೆ ಮಾಡಿ ಎಂದರೆ ಯಾವ ರೈತ ಕೇಳಿಯಾನು?

ಲಾರಿಯ ಹೊಟ್ಟೆಗೆ ಹಿಡಿಸುವ ಬಗೆ

ಹೊಂಗೆಯಾಗಲೀ ಹೋಟೆಲಿನ ಕರಿದ ಎಣ್ಣೆಯಾಗಲೀ, ಎಂಜಿನ್ನಿನ ಮುಂದೆ ತೊಡಕು ಒಂದೇ. ಅದು ದಪ್ಪ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಚ್ಚುವ ಪ್ಲಗ್ ಇರುವುದಿಲ್ಲ. ಪಿಸ್ಟನ್ ಗಾಳಿಯನ್ನು ಬಲವಾಗಿ ಒತ್ತಿದಾಗ ಗಾಳಿ ಕೆಂಪಗೆ ಕಾದ ಕಬ್ಬಿಣದಷ್ಟು ಬಿಸಿಯಾಗುತ್ತದೆ. ಅದರೊಳಗೆ ಇಂಜೆಕ್ಟರಿನ ಸೂಜಿಮೊನೆಯ ರಂಧ್ರಗಳಿಂದ ಇಂಧನ ಮಂಜಿನಂತೆ ಚಿಮ್ಮಿ ತಾನಾಗಿ ಹೊತ್ತಿಕೊಳ್ಳುತ್ತದೆ. ಅಡುಗೆ ಎಣ್ಣೆ ಡೀಸೆಲ್ಲಿಗಿಂತ ಹತ್ತು ಪಟ್ಟಿಗೂ ಮಿಕ್ಕಿ ದಪ್ಪ. ಅದು ಮಂಜಾಗದೆ ಹನಿಹನಿಯಾಗಿ ಬೀಳುತ್ತದೆ. ಹನಿಯ ಹೊರಗು ಉರಿದು ಒಳಗು ಉಳಿಯುತ್ತದೆ. ಉಳಿದದ್ದು ಇಂಜೆಕ್ಟರಿನ ಮೊನೆಗೆ, ಪಿಸ್ಟನ್ ರಿಂಗುಗಳಿಗೆ ಕಿಟ್ಟವಾಗಿ ಅಂಟುತ್ತದೆ. ಒಂದಿಷ್ಟು ಜಾರಿ ಎಂಜಿನ್ ಆಯಿಲಿಗೆ ಸೇರಿ ಅದನ್ನೂ ಗಟ್ಟಿ ಮಾಡುತ್ತದೆ. ಲಾರಿ ಮೊದಲ ದಿನ ಚೆನ್ನಾಗಿಯೇ ಓಡುತ್ತದೆ. ಕೆಲವು ತಿಂಗಳ ಮೇಲೆ ಎಂಜಿನ್ ಬಿಚ್ಚಬೇಕಾಗುತ್ತದೆ. ಈ ವಿಷಯದಲ್ಲಿ ಮೋಸಹೋದವರೆಲ್ಲ ಮೊದಲ ದಿನವನ್ನು ನಂಬಿ ಮೋಸಹೋದವರೇ.

ಇದಕ್ಕೆ ಮೂರು ಪರಿಹಾರಗಳುಂಟು. ಮೊದಲನೆಯದು, ಡೀಸೆಲ್ಲಿನೊಡನೆ ಸ್ವಲ್ಪವೇ ಬೆರೆಸುವುದು. ಎರಡನೆಯದು, ಎಣ್ಣೆಯನ್ನು ಬಿಸಿ ಮಾಡುವುದು. ತಣ್ಣಗಿರುವ ತುಪ್ಪ ಬಿಸಿಯಾದಾಗ ನೀರಾಗುವಂತೆ ಎಣ್ಣೆಯೂ 70-80 ಡಿಗ್ರಿಗೆ ಕಾದಾಗ ಬಹಳ ತೆಳುವಾಗುತ್ತದೆ. ಅಮೆರಿಕ, ಜರ್ಮನಿಗಳ ಉತ್ಸಾಹಿಗಳು ಹಳೆಯ ಲಾರಿ, ವ್ಯಾನುಗಳನ್ನು ಬದಲಾಯಿಸಿದ್ದು ಈ ದಾರಿಯಲ್ಲಿ. ಲಾರಿಗೆ ಎರಡು ಟ್ಯಾಂಕು. ಒಂದರಲ್ಲಿ ಡೀಸೆಲ್, ಇನ್ನೊಂದರಲ್ಲಿ ಚೆನ್ನಾಗಿ ಸೋಸಿದ ಎಣ್ಣೆ. ರೇಡಿಯೇಟರಿಗೆ ಹೋಗುವ ಬಿಸಿನೀರಿನ ಪೈಪನ್ನು ಎಣ್ಣೆಯ ಟ್ಯಾಂಕು, ಪೈಪು, ಫಿಲ್ಟರುಗಳ ಸುತ್ತ ಹಾಯಿಸುತ್ತಾರೆ. ಲಾರಿಯನ್ನು ಡೀಸೆಲ್ಲಿನಲ್ಲೇ ಸ್ಟಾರ್ಟ್ ಮಾಡಬೇಕು. ಎಂಜಿನ್ ಕಾದ ಮೇಲೆ ವಾಲ್ವ್ ತಿರುಗಿಸಿ ಎಣ್ಣೆಗೆ ಬರಬೇಕು. ನಿಲ್ಲಿಸುವುದಕ್ಕೆ ಕೆಲವು ನಿಮಿಷ ಮುಂಚೆ ಮತ್ತೆ ಡೀಸೆಲ್ಲಿಗೆ ಹೋಗಿ ಪಂಪಿನಲ್ಲಿ, ಇಂಜೆಕ್ಟರಿನಲ್ಲಿ ಉಳಿದ ಎಣ್ಣೆಯನ್ನು ತೊಳೆದುಬಿಡಬೇಕು. ಮರೆತರೆ ಬೆಳಗ್ಗೆ ಲಾರಿ ಏಳುವುದಿಲ್ಲ. ಹೋಟೆಲುಗಳು ಹೆಚ್ಚಾಗಿ ಬಳಸುವ ತಾಳೆ ಎಣ್ಣೆ ಬೇಗ ಗಡ್ಡೆಕಟ್ಟುವ ಸ್ವಭಾವದ್ದು. ಬೆಂಗಳೂರಿನ ಡಿಸೆಂಬರ್ ಚಳಿಯೇ ಅದಕ್ಕೆ ಸಾಕು. ಎರಡು ಟ್ಯಾಂಕಿನ ಗೊಡವೆಯೇ ಬೇಡವೆಂದು ಜರ್ಮನಿಯ ಲುಡ್ವಿಗ್ ಎಲ್ಸ್‌ಬೆಟ್ 1970ರ ದಶಕದಿಂದೀಚೆಗೆ ಸಸ್ಯಜನ್ಯ ಎಣ್ಣೆಗೆಂದೇ ಬೇರೆ ಬಗೆಯ ಎಂಜಿನ್ ರೂಪಿಸಿದರು. ಅದು ಹೆಸರು ಮಾಡಿತೇ ಹೊರತು ಮಾರುಕಟ್ಟೆ ಗೆಲ್ಲಲಿಲ್ಲ.

ಮೂರನೆಯದು ಶವಾನ್ ತೋರಿಸಿದ ದಾರಿ: ಎಂಜಿನ್ ಬದಲಿಸುವ ಬದಲು ಎಣ್ಣೆಯನ್ನೇ ಬದಲಿಸುವುದು. ಎಣ್ಣೆಯ ಒಂದೊಂದು ಅಣುವೂ ಮೂರು ಹಲ್ಲಿನ ಬಾಚಣಿಗೆಯಂತೆ. ಹಿಡಿಯ ಜಾಗದಲ್ಲಿ ಗ್ಲಿಸರಿನ್, ಹಲ್ಲುಗಳ ಜಾಗದಲ್ಲಿ ಮೂರು ಕೊಬ್ಬಿನಾಮ್ಲಗಳು. ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಬೆರೆಸಿ ಬಿಸಿ ಮಾಡಿ ಕಲಕಿದರೆ ಹಲ್ಲುಗಳು ಬಿಡಿಬಿಡಿಯಾಗಿ ಮೆಥನಾಲಿನೊಂದಿಗೆ ಸೇರುತ್ತವೆ. ಗ್ಲಿಸರಿನ್ ಕೆಳಗೆ ಇಳಿಯುತ್ತದೆ. ಮೇಲೆ ತೇಲುವ ತೆಳುವಾದ ದ್ರವವೇ ಬಯೊಡೀಸೆಲ್. 100 ಲೀಟರ್ ಎಣ್ಣೆಯಿಂದ ಹೆಚ್ಚುಕಡಿಮೆ ಅಷ್ಟೇ ಬಯೊಡೀಸೆಲ್, ಜೊತೆಗೆ ಸುಮಾರು 10 ಕಿಲೊ ಗ್ಲಿಸರಿನ್ ಸಿಗುತ್ತದೆ. ಆದರೆ ಕರಿದ ಎಣ್ಣೆಯಲ್ಲಿ ನೀರಿನಂಶವೂ ಹುಳಿಯೂ ಹೆಚ್ಚು. ಎಚ್ಚರ ತಪ್ಪಿದರೆ ಇಂಧನದ ಬದಲು ಪಾತ್ರೆಯ ತುಂಬ ಸೋಪು ಸಿದ್ಧವಾಗುತ್ತದೆ. ಮೆಥನಾಲ್ ವಿಷ, ಬೇಗ ಹೊತ್ತಿಕೊಳ್ಳುವಂಥದ್ದು. ಮನೆಯ ಹಿತ್ತಿಲಲ್ಲಿ ಮಾಡುವ ಕೆಲಸ ಇದಲ್ಲ.

ಕರಿದ ಎಣ್ಣೆಯ ಪಯಣ

ಈಗ ದಕ್ಷಿಣ ಬೆಂಗಳೂರಿನ ಬಾಣಲೆಗಳಿಗೆ ಮರಳೋಣ. 1948ರಲ್ಲಿ ರೂಪುಗೊಂಡ ಜಯನಗರದಲ್ಲಾಗಲೀ, ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳನ್ನು ಹೊತ್ತ ಬಿಟಿಎಂ ಬಡಾವಣೆಯಲ್ಲಾಗಲೀ ಆಗ ಮನೆಯೂಟವೇ ಪ್ರಧಾನ. ಇಂದು ಸಂಜೆಯಾದರೆ ಬೀದಿಗೊಂದು ಬೋಂಡಾ ಬಾಣಲೆ. ದೊಡ್ಡ ಹೋಟೆಲು ಎಣ್ಣೆ ಬದಲಿಸಿದಾಗ ಹಳೆಯದನ್ನು ಯಾರಾದರೂ ಕೊಳ್ಳುತ್ತಾರೆ. ಕೊಂಡದ್ದು ಸೋಸಿ, ತಿಳಿಯಾಗಿ, ಮತ್ತಷ್ಟು ಅಗ್ಗದ ಬಾಣಲೆಗೆ ಹೋದರೆ ಕೇಳುವವರಾರು? ಹೆಚ್ಚು ದುಡ್ಡು ಕೊಟ್ಟವನು ಮೊದಲ ಎಣ್ಣೆಯ ವಡೆ ತಿನ್ನುತ್ತಾನೆ. ದಿನಗೂಲಿಯವನ ಪಾಲಿಗೆ ಅದೇ ಎಣ್ಣೆಯ ಮೂರನೆಯ ಜನ್ಮ.

ಎಣ್ಣೆ ಮತ್ತೆ ಮತ್ತೆ ಕಾದಂತೆ ಅದರಲ್ಲಿ ಒಡೆದ, ಕೆಟ್ಟ ಅಂಶಗಳು ಸೇರುತ್ತ ಹೋಗುತ್ತವೆ. ರಕ್ತದೊತ್ತಡ, ರಕ್ತನಾಳಗಳ ಗಡಸುತನ, ಯಕೃತ್ತಿನ ಕಾಯಿಲೆಗಳಿಗೂ ಇವಕ್ಕೂ ನಂಟಿದೆ ಎಂಬ ಕಾರಣಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಒಂದು ಗಡಿ ಗೊತ್ತುಮಾಡಿತು. 2018ರ ಜುಲೈ 1ರಿಂದ, ಈ ಅಂಶಗಳು ಶೇ 25 ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ. ಅದೇ ವರ್ಷ ಆಗಸ್ಟ್ 10ರಂದು ಕರಿದ ಎಣ್ಣೆಯನ್ನು ಸಂಗ್ರಹಿಸಿ ಬಯೊಡೀಸೆಲ್ ತಯಾರಕರಿಗೆ ತಲುಪಿಸುವ ಯೋಜನೆ ಪ್ರಕಟವಾಯಿತು. 2019ರ ಮಾರ್ಚಿನಿಂದ, ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯನ್ನು ಕರಿಯಲು ಬಳಸುವವರು ಲೆಕ್ಕವಿಡಬೇಕು, ಅಧಿಕೃತ ಸಂಗ್ರಾಹಕರಿಗೇ ಹಳೆಯ ಎಣ್ಣೆ ಕೊಡಬೇಕು ಎಂಬ ನಿಯಮ ಬಂತು. ಆ ವರ್ಷದ ಆಗಸ್ಟಿನಲ್ಲಿ ಸರ್ಕಾರಿ ತೈಲ ಕಂಪನಿಗಳು 100 ನಗರಗಳಲ್ಲಿ ಇಂಥ ಬಯೊಡೀಸೆಲ್ಲನ್ನು ಮೊದಲ ವರ್ಷ ಲೀಟರಿಗೆ 51 ರೂಪಾಯಿಯಂತೆ ಕೊಳ್ಳುವುದಾಗಿ ಪ್ರಕಟಿಸಿದವು.

ನಿಯಮದ ಬಲೆಯ ಕಣ್ಣು ದೊಡ್ಡದು ಎಂಬುದು ಗಮನಿಸಬೇಕಾದ ಮಾತು. ದಿನಕ್ಕೆ ಐದು ಲೀಟರ್ ಎಣ್ಣೆಯ ಬೋಂಡಾ ಗಾಡಿ ಅದರೊಳಗೆ ಸಿಕ್ಕುವುದಿಲ್ಲ. ಮನೆಗಳ ಎಣ್ಣೆಯಂತೂ ಸಿಂಕಿನ ಮೂಲಕ ಚರಂಡಿಗೇ ಹೋಗುತ್ತದೆ. ಅಲ್ಲಿ ಅದು ಹೆಪ್ಪುಗಟ್ಟಿ ಪೈಪುಗಳನ್ನು ಕಟ್ಟುತ್ತದೆ. ಹರಿದದ್ದು ಕೆರೆ ಸೇರುತ್ತದೆ.

ಆಸೆ ಮತ್ತು ಲೆಕ್ಕ

ಆಡಳಿತದ ಮಟ್ಟದಲ್ಲಿ ಉತ್ಸಾಹಕ್ಕೆ ಕೊರತೆಯಿರಲಿಲ್ಲ. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಜತ್ರೋಫ ಗಿಡವನ್ನು ದೇಶದ ಬಂಜರು ನೆಲದಲ್ಲೆಲ್ಲ ಬೆಳೆಸಿ ಡೀಸೆಲ್ಲಿಗೆ ಬೆರೆಸಬಹುದೆಂದು ಕನಸು ಕಂಡಿತು. ನೀರಿಲ್ಲದ ನೆಲದಲ್ಲಿ ಗಿಡ ಬದುಕಿತು, ಕಾಯಿ ಬಿಡಲಿಲ್ಲ. 2009ರ ರಾಷ್ಟ್ರೀಯ ನೀತಿ 2017ಕ್ಕೆ ಶೇ 20 ಬೆರಕೆಯ ಗುರಿ ಇಟ್ಟಿತು. 2018ರ ನೀತಿ ಬಂದಾಗ ಬೆರಕೆ ಶೇ 1ಕ್ಕಿಂತ ಬಹಳ ಕಡಿಮೆಯಿತ್ತು. ಹೊಸ ಗುರಿ 2030ಕ್ಕೆ ಶೇ 5.

ಕರ್ನಾಟಕ 2009ರಲ್ಲಿ ತನ್ನದೇ ಜೈವಿಕ ಇಂಧನ ನೀತಿ ರೂಪಿಸಿತು. ಜತ್ರೋಫವೊಂದನ್ನೇ ನೆಚ್ಚದೆ ಹೊಂಗೆ, ಬೇವು, ಹಿಪ್ಪೆ, ಸಿಮರೂಬಗಳನ್ನು ಬದುಗಳಲ್ಲಿ, ಬೀಳು ನೆಲದಲ್ಲಿ ಬೆಳೆಸುವ ‘ಹಸಿರು ಹೊನ್ನು’, ‘ಬರಡು ಬಂಗಾರ’ ಕಾರ್ಯಕ್ರಮಗಳು ಬಂದವು. ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ 2007ರಿಂದಲೇ ಕೆಲಸ ಮಾಡುತ್ತಿತ್ತು. 2010ರ ದಶಕದಲ್ಲಿ ಕೆಎಸ್‌ಆರ್‌ಟಿಸಿಯ ಕೆಲವು ಬಸ್ಸುಗಳಲ್ಲಿ ಡೀಸೆಲ್ಲಿಗೆ ಶೇ 20ರಷ್ಟು ಬಯೊಡೀಸೆಲ್ ಬೆರೆಸುವ ಪ್ರಯೋಗವೂ ನಡೆಯಿತು. ಬಸ್ಸು ಓಡಿತು. ವರ್ಷವಿಡೀ ಒಂದೇ ಗುಣಮಟ್ಟದ ಇಂಧನವನ್ನು ಒಂದೇ ದರದಲ್ಲಿ ಪೂರೈಸುವುದೇ ಇಂಥ ಪ್ರಯೋಗಗಳಿಗೆಲ್ಲ ಕಠಿಣ ಪರೀಕ್ಷೆ.

ಹಾಗಾದರೆ ಕರಿದ ಎಣ್ಣೆಯಿಂದ ನಗರದ ಲಾರಿಗಳೆಲ್ಲ ಓಡಿಯಾವೆ? ಸರಳವಾದ ಲೆಕ್ಕ ಹಾಕಿ ನೋಡಬಹುದು. ಸರಕು ತುಂಬಿದ ಲಾರಿ ಲೀಟರಿಗೆ ಸುಮಾರು 4 ಕಿ.ಮೀ. ಓಡುತ್ತದೆ ಎಂದುಕೊಳ್ಳೋಣ. ಜಯನಗರದ ಒಂದು ಹೋಟೆಲು ದಿನಕ್ಕೆ 10 ಲೀಟರ್ ಎಣ್ಣೆ ಹೊರಹಾಕಿದರೆ ಲಾರಿ 40 ಕಿ.ಮೀ. ಹೋದೀತು. ಅಂದರೆ ನೆಲಮಂಗಲ ದಾಟಿ ಒಂದಿಷ್ಟು ದೂರ. ಮರಳಿ ಬರಲು ಇನ್ನೊಂದು ಹೋಟೆಲಿನ ಎಣ್ಣೆ ಬೇಕು. ಹುಬ್ಬಳ್ಳಿಗೆ ಹೋಗಬೇಕಾದರೆ ಹತ್ತು ಹೋಟೆಲು. ಹೊಸ ಎಣ್ಣೆಯನ್ನೇ ಸುಡೋಣವೆಂದರೆ, ಭಾರತ ತಾನು ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚನ್ನು ಹೊರದೇಶಗಳಿಂದ ತರಿಸುತ್ತದೆ. ಉಣ್ಣುವ ಎಣ್ಣೆಯೇ ಸೀಮೆಎಣ್ಣೆಯಾಗಿರುವಾಗ ಅದನ್ನು ಲಾರಿಗೆ ಸುರಿಯುವುದು ವಿವೇಕವಲ್ಲ.

ಕಾನೂನಿನ ತೊಡಕೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ತಯಾರಕರು ಗೊತ್ತುಮಾಡಿದ ವಿವರಗಳನ್ನು ಮೀರಿ ವಾಹನವನ್ನು ಬದಲಾಯಿಸುವಂತಿಲ್ಲ. ಇಂಧನ ಬದಲಿಸುವುದಾದರೆ ಮಂಜೂರಾದ ಸಾಧನಗಳಿಂದಲೇ ಆಗಬೇಕು. 2020ರ ಏಪ್ರಿಲ್‌ನಿಂದ ಬಂದ ಭಾರತ್ ಹಂತ-6ರ ಎಂಜಿನ್ನುಗಳಂತೂ ಇಂಧನವನ್ನು ಸಾವಿರಾರು ವಾಯುಭಾರ ಒತ್ತಡದಲ್ಲಿ ಚಿಮ್ಮಿಸುವ ನಾಜೂಕಿನ ಯಂತ್ರಗಳು. ಹಳೆಯ ಲಾರಿಗೆ ಎರಡು ಟ್ಯಾಂಕು ಕೂರಿಸಿದ ಗ್ಯಾರೇಜು ಮೇಸ್ತ್ರಿಯ ಜಾಣತನ ಇಲ್ಲಿ ನಡೆಯದು. ಆದ್ದರಿಂದ ಕರಿದ ಎಣ್ಣೆಗೆ ಉಳಿದಿರುವುದು ಒಂದೇ ಸಭ್ಯ ದಾರಿ: ಅಧಿಕೃತ ಘಟಕಕ್ಕೆ ಹೋಗಿ, ಬಯೊಡೀಸೆಲ್ ಆಗಿ, ಡೀಸೆಲ್ಲಿನೊಂದಿಗೆ ಮಿತವಾಗಿ ಬೆರೆಯುವುದು.

ಅದರಿಂದ ದೇಶದ ತೈಲದ ಬಿಲ್ಲು ಹೆಚ್ಚೇನೂ ಕರಗದು. ಆದರೂ ಆ ದಾರಿ ಮುಖ್ಯ. ಟ್ಯಾಂಕಿಗೆ ಹೋದ ಪ್ರತಿ ಲೀಟರೂ ಬಡವನ ತಟ್ಟೆಗೆ ಹೋಗದ, ಕೆರೆಗೆ ಸೇರದ ಲೀಟರು. ಲಾರಿಗೆ ಸಿಗುವ ಲಾಭಕ್ಕಿಂತ ಹೊಟ್ಟೆಗೆ ತಪ್ಪುವ ನಷ್ಟ ದೊಡ್ಡದು. ಹಳೆಯ ಎಣ್ಣೆಗೆ ಟ್ಯಾಂಕಿನ ಕಡೆಯಿಂದ ಒಳ್ಳೆಯ ಬೆಲೆ ಸಿಕ್ಕುವವರೆಗೆ ಮಾತ್ರ ಅದು ಬಾಣಲೆಯ ಕಡೆಗೆ ಹಿಂತಿರುಗದೆ ಇದ್ದೀತು.

ದಕ್ಷಿಣ ಬೆಂಗಳೂರಿನ ಎಷ್ಟೋ ಅಡ್ಡರಸ್ತೆಗಳಲ್ಲಿ ಇಂದಿಗೂ ಹೊಂಗೆಯ ಮರಗಳಿವೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತನದಲ್ಲಿ ನಗರದಲ್ಲಿ ಲಕ್ಷಗಟ್ಟಲೆ ಸಸಿ ನೆಟ್ಟಾಗ ಹೊಂಗೆಗೂ ಪಾಲು ದೊರಕಿತ್ತು. ಬೇಸಿಗೆಗೆ ಮುನ್ನ ಅವು ಕಂದು ಕಾಯಿ ಉದುರಿಸುತ್ತವೆ. ಪೌರಕಾರ್ಮಿಕರು ಅದನ್ನು ಗುಡಿಸಿ ಎಲೆಯ ಕಸದೊಂದಿಗೆ ಗಾಡಿಗೆ ತುಂಬುತ್ತಾರೆ. ಒಂದು ಕಾಲಕ್ಕೆ ಇದೇ ಊರಿನ ಮನೆಗಳ ಹಣತೆ ಬೆಳಗಿಸಿದ ಬೀಜವನ್ನು ಡೀಸೆಲ್ ಗಾಡಿ ಹೊತ್ತುಕೊಂಡು ಊರಾಚೆಗೆ ಹೋಗುತ್ತದೆ.